ಬಿಗಿದವನು ಬಣ್ಣ ಹಚ್ಚಬಾರದು: ವೆಂಡೆಲ್ ಟ್ರಾಸ್ಕ್ ಅವರ ನಲವತ್ತೆರಡು ವರ್ಷ

ಸೈನ್ಯದ ಹಾರಾಟ ತರಬೇತಿಯ ನೆಲೆಯಿರುವ ಅಲಬಾಮಾದ ಈ ಆಗ್ನೇಯ ಮೂಲೆಯಲ್ಲಿ ಹೆಲಿಕಾಪ್ಟರಿನ ಸದ್ದಿಲ್ಲದ ದಿನವಿಲ್ಲ. ಅವುಗಳನ್ನು ಹಾರಿಸಿದವರ ಹೆಸರು ಇಲ್ಲಿನ ರಸ್ತೆಗಳಿಗಿದೆ, ಶಾಲೆಗಳಿಗಿದೆ. ಅವು ಹಾರುವಂತೆ ನೋಡಿಕೊಂಡವರ ಹೆಸರು ಶಿಷ್ಯರ ಕೈಕೆಲಸದಲ್ಲಿ ಮಾತ್ರ ಉಳಿಯುತ್ತದೆ. ಓಜಾರ್ಕಿನ ನಮ್ಮ ತಾಂತ್ರಿಕ ಕಾಲೇಜಿನಲ್ಲಿ ನಲವತ್ತೆರಡು ವರ್ಷ ವಿಮಾನ ದುರಸ್ತಿ ಕಲಿಸಿ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀ ವೆಂಡೆಲ್ ಟ್ರಾಸ್ಕ್ ಅವರ ಶಿಷ್ಯರನ್ನು ದೇಶದ ಯಾವ ಹ್ಯಾಂಗರಿನಲ್ಲಾದರೂ ಗುರುತಿಸಬಹುದು. ನಟ್ಟು ಬಿಗಿದ ಮೇಲೆ ಅದರ ಮೇಲೂ ಕೆಳಗಿನ ಲೋಹದ ಮೇಲೂ ಸೇರುವಂತೆ ಕೆಂಪು ಬಣ್ಣದ ಒಂದು ಗೆರೆ ಎಳೆಯುವುದು ಈ ಕಸುಬಿನ ಪದ್ಧತಿ. ನಟ್ಟು ಕೂದಲೆಳೆಯಷ್ಟು ಜಾರಿದರೂ ಗೆರೆ ಮುರಿದು ಕಣ್ಣಿಗೆ ಬೀಳುತ್ತದೆ. ಎಲ್ಲೆಡೆ ಬಿಗಿದವನೇ ಗೆರೆಯನ್ನೂ ಎಳೆಯುತ್ತಾನೆ. ಟ್ರಾಸ್ಕ್ ಅವರ ಶಿಷ್ಯ ಮಾತ್ರ ಕುಂಚವನ್ನು ಇನ್ನೊಬ್ಬನಿಗೆ ಕೊಟ್ಟು, ಅವನು ರೆಂಚು ಹಾಕಿ ಪರೀಕ್ಷಿಸಿ ಗೆರೆ ಎಳೆಯುವವರೆಗೆ ಪಕ್ಕದಲ್ಲಿ ನಿಂತು ಕಾಯುತ್ತಾನೆ.

ಈ ನಿಯಮ ಎಲ್ಲಿಂದ ಬಂತು ಎಂಬುದನ್ನು ಬರೆಯದಿದ್ದರೆ ಈ ಅಭಿನಂದನ ಗ್ರಂಥವೇ ಬೇಡವೆಂದು ಟ್ರಾಸ್ಕ್ ಅವರು ಸಂಪಾದಕರಿಗೆ ಸ್ಪಷ್ಟವಾಗಿ ತಿಳಿಸಿದ್ದಾರೆ. ಆದ್ದರಿಂದ ಮೊದಲಿನಿಂದಲೇ ಹೇಳಬೇಕು.

ಅವರು ಹುಟ್ಟಿದ್ದು ೧೯೪೮ರಲ್ಲಿ, ಕಡಲೆಕಾಯಿ ಗಿರಣಿಯೊಂದರ ಮೆಕ್ಯಾನಿಕ್ಕಿನ ಮಗನಾಗಿ. ಹತ್ತೊಂಬತ್ತಕ್ಕೆ ಸೈನ್ಯ ಸೇರಿ, ಇಪ್ಪತ್ತಕ್ಕೆ ವಿಯೆಟ್ನಾಮಿನಲ್ಲಿ ಒಂದು ಹ್ಯೂಯಿ ಹೆಲಿಕಾಪ್ಟರಿನ ಕ್ರೂ ಚೀಫ್ ಆದರು. ಆ ಹುದ್ದೆಯವನು ನೆಲದ ಮೇಲೆ ಯಂತ್ರವನ್ನು ದುರಸ್ತಿ ಮಾಡುತ್ತಾನೆ. ತಾನು ದುರಸ್ತಿ ಮಾಡಿದ್ದರಲ್ಲೇ ಬಲಬದಿಯ ಬಂದೂಕು ಹಿಡಿದು ಹಾರುತ್ತಾನೆ. ಪೈಲಟ್ ಹಾರ್ಲನ್ ಪ್ರುವಿಟ್ ಜಾರ್ಜಿಯಾದವರು. ಎಡಬದಿಯ ಬಂದೂಕಿನವರು ಟೆಕ್ಸಸ್‌ನ ಲರೇಡೊ ಊರಿನ ಎಮಿಲಿಯೊ ಬಾರೆರಾ. ಸಹಪೈಲಟ್‌ಗಳು ಮಾತ್ರ ಆಗಾಗ ಬದಲಾಗುತ್ತಿದ್ದರು.

೧೯೬೯ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಟ್ರಾಸ್ಕ್ ಅವರು ಯಂತ್ರದ ಬಾಲದ ಮೇಲೆ ಕುಳಿತು, ಇಂಜಿನಿನಿಂದ ಹಿಂದಿನ ಚಿಕ್ಕ ರೆಕ್ಕೆಗೆ ಶಕ್ತಿ ಒಯ್ಯುವ ಉದ್ದನೆಯ ದಂಡದ ಕ್ಲ್ಯಾಂಪುಗಳನ್ನು ಬಿಗಿಯುತ್ತಿದ್ದರು. ಒಟ್ಟು ಆರು. ನಾಲ್ಕು ಮುಗಿದಿದ್ದಾಗ ಪಕ್ಕದ ಯಂತ್ರದವನು ಬಂದು, ಬೇಕಾದಷ್ಟೇ ಬಿಗಿಯುವ ಅಳತೆಯ ರೆಂಚನ್ನು ಐದು ನಿಮಿಷಕ್ಕೆಂದು ಕೇಳಿ ಒಯ್ದ. ಉಳಿದೆರಡನ್ನು ಇವರು ಕೈಯಲ್ಲಿ ತಿರುಗುವಷ್ಟು ತಿರುಗಿಸಿದರು. ಆ ಬಿಸಿಲಿಗೆ ಕುಂಚದ ಬಣ್ಣ ಒಣಗತೊಡಗಿತ್ತು. ವ್ಯರ್ಥವಾಗುವುದು ಬೇಡವೆಂದು ಆ ಎರಡಕ್ಕೂ ಗೆರೆ ಎಳೆದರು. ರೆಂಚು ಬಂದ ಮೇಲೆ ಬಿಗಿದು ಮತ್ತೊಮ್ಮೆ ಎಳೆದರಾಯಿತು ಎಂಬ ಲೆಕ್ಕ. ರೆಂಚು ಬರುವ ಮೊದಲೇ ಹೊರಡುವ ಕರೆ ಬಂತು. ಇವರು ಎದ್ದು ಬಾಲದುದ್ದಕ್ಕೂ ನೋಡಿದರು. ಸಾಲಾಗಿ ಆರು ಕೆಂಪು ಗೆರೆ, ಆರೂ ಬಿಗಿದು ಮುಗಿಸಿದಂತೆಯೇ ಕಂಡವು. ಮುಚ್ಚಳ ಹಾಕಿ ಕೆಳಗಿಳಿದರು.

ಹಾರಿದ ಇಪ್ಪತ್ತನೆಯ ನಿಮಿಷಕ್ಕೆ ಕ್ಲ್ಯಾಂಪು ಬಿಟ್ಟಿತು. ಹಿಂದಿನ ರೆಕ್ಕೆ ನಿಂತ ಹೆಲಿಕಾಪ್ಟರ್ ತನ್ನ ಸುತ್ತ ತಾನೇ ಬುಗುರಿಯಂತೆ ತಿರುಗುತ್ತದೆ. ಪ್ರುವಿಟ್ ಅವರು ಇಂಜಿನ್ ನಿಲ್ಲಿಸಿ, ಬೀಳುವಾಗ ಕೆಳಗಿನಿಂದ ಬರುವ ಗಾಳಿಯಿಂದಲೇ ತಿರುಗುವ ಮೇಲಿನ ರೆಕ್ಕೆಯನ್ನು ನಂಬಿ ಗದ್ದೆಯೊಂದಕ್ಕೆ ಇಳಿಸಿದರು. ನಾಲ್ವರೂ ಬದುಕಿದರು, ಎಮಿಲಿಯೊ ಅವರ ಎಡಮಂಡಿ ನುಚ್ಚಾಯಿತು. ಎಡಗಡೆ ಮರಗಳ ಸಾಲೊಂದಿತ್ತು. ಅಲ್ಲಿಂದ ಗುಂಡು ಬಂದಿರಬೇಕೆಂದು ಎಲ್ಲರೂ ಅಂದುಕೊಂಡರು, ವರದಿಯಲ್ಲೂ ಹಾಗೆಯೇ ದಾಖಲಾಯಿತು. ಸಡಿಲವಾಗಿ ಜೋತುಬಿದ್ದ ದಂಡವನ್ನು ಕಣ್ಣಾರೆ ಕಂಡಿದ್ದ ಟ್ರಾಸ್ಕ್ ಅವರು ಬಾಯಿ ಬಿಡಲಿಲ್ಲ. ಶತ್ರುವಿನ ಕೈಗೆ ಸಿಗದಿರಲೆಂದು ಸೈನ್ಯದವರು ಯಂತ್ರವನ್ನು ಅಲ್ಲಿಯೇ ಸುಟ್ಟುಹಾಕಿದರು.

೧೯೭೨ರಲ್ಲಿ ಟ್ರಾಸ್ಕ್ ಅವರು ನಮ್ಮ ಕಾಲೇಜಿಗೆ ಬಂದಾಗ ವಿಭಾಗದಲ್ಲಿದ್ದುದು ತಗಡಿನ ಒಂದು ಶೆಡ್ಡು, ರೆಕ್ಕೆಯಿಲ್ಲದ ಒಂದು ಯಂತ್ರ, ಹನ್ನೊಂದು ವಿದ್ಯಾರ್ಥಿಗಳು. ಮೊದಲ ವಾರವೇ ಕುಂಚದ ನಿಯಮ ಜಾರಿಗೆ ಬಂತು. ಕಾರಣ ಕೇಳಿದವರಿಗೆ ಉತ್ತರ ಸಿಗಲಿಲ್ಲ. ಪಾಠದಲ್ಲಿ ಅವರು ಕಟ್ಟುನಿಟ್ಟಾಗಿದ್ದರು. ತಾವಾಗಿ ಬಂದು ತಪ್ಪೊಪ್ಪಿಕೊಂಡವರ ವಿಷಯದಲ್ಲಿ ಮಾತ್ರ ಅವರ ಔದಾರ್ಯಕ್ಕೆ ಮಿತಿಯಿರಲಿಲ್ಲ. ಥೆಲ್ಮಾ ಗೇಂಜ್ ಎಂಬ ವಿದ್ಯಾರ್ಥಿನಿ ಪರೀಕ್ಷೆಯ ಮುನ್ನಾದಿನ ಇಂಜಿನಿನೊಳಗೆ ವಾಷರೊಂದನ್ನು ಬೀಳಿಸಿಕೊಂಡು, ಅಳುತ್ತಾ ಬಂದು ಹೇಳಿದ್ದರು. ಟ್ರಾಸ್ಕ್ ಅವರು ಪರೀಕ್ಷೆಯನ್ನೇ ಮುಂದೂಡಿ, ಮೂರು ದಿನ ಅವರೊಂದಿಗೆ ಕುಳಿತು ಇಂಜಿನ್ ಬಿಚ್ಚಿ ವಾಷರನ್ನು ಹುಡುಕಿ ತೆಗೆದರು. ಆ ಕೆಲಸಕ್ಕೇ ಪೂರ್ಣ ಅಂಕ ಕೊಟ್ಟರು. ಥೆಲ್ಮಾ ಅವರು ಇಂದು ಇದೇ ವಿಭಾಗದ ಮುಖ್ಯಸ್ಥೆ. ಆ ವಾಷರನ್ನು ಕೈಯಲ್ಲಿ ಹಿಡಿದು ಮನೆಗೆ ಹೋದ ಗುರುಗಳು ಅಂದು ಊಟ ಮಾಡಲಿಲ್ಲವೆಂದು ಅವರ ಪತ್ನಿ ನೋರಾ ಅವರು ಬಹಳ ವರ್ಷಗಳ ನಂತರ ಹೇಳಿದರು. ಇಪ್ಪತ್ತು ವರ್ಷದ ಹುಡುಗಿ ಒಂದು ಗಂಟೆಯೊಳಗೆ ಮಾಡಿದ ಕೆಲಸವನ್ನು ತಾನು ಹತ್ತು ವರ್ಷವಾದರೂ ಮಾಡಿಲ್ಲ ಎಂಬುದು ಅವರನ್ನು ಕಾಡಿತ್ತು.

೧೯೯೩ರಲ್ಲಿ ಪ್ರುವಿಟ್ ಅವರ ಪತ್ರಗಳು ಬರಲಾರಂಭಿಸಿದವು. ಬೆಳೆಗಳಿಗೆ ಔಷಧ ಸಿಂಪಡಿಸುವ ವಿಮಾನ ಹಾರಿಸಿಕೊಂಡಿದ್ದ ಅವರು ದೂರವಾಣಿ ಪುಸ್ತಕಗಳನ್ನು ಜಾಲಾಡಿ ಹಳೆಯ ತುಕಡಿಯ ನಲವತ್ತು ಮಂದಿಯನ್ನು ಹುಡುಕಿದ್ದರು. ಮೂರು ಪತ್ರಗಳಿಗೆ ಟ್ರಾಸ್ಕ್ ಅವರು ಉತ್ತರಿಸಲಿಲ್ಲ. ನಾಲ್ಕನೆಯದನ್ನು ನೋರಾ ಅವರೇ ಒಡೆದರು.

"ಈ ಮನುಷ್ಯ ಬಿಡೋ ಹಾಗೆ ಕಾಣಲ್ಲ ಕಣ್ರೀ," ಎಂದರು. "ನೀವು ಬರೀದೇ ಇದ್ರೆ ನಮ್ಮ ಹಿತ್ತಲಲ್ಲೇ ವಿಮಾನ ಇಳಿಸ್ತಾನೆ. ನನ್ನ ಟೊಮೆಟೊ ಗಿಡ ಹಾಳಾಗುತ್ತೆ."

೧೯೯೪ರ ಏಪ್ರಿಲ್‌ನಲ್ಲಿ ಪ್ರುವಿಟ್ ಅವರ ಊರಿನ ಕೆರೆಯೊಂದರ ಪಕ್ಕ, ಪಿಕಾನ್ ಮರಗಳ ಕೆಳಗೆ, ಕರಿದ ಮೀನಿನ ಮಧ್ಯಾಹ್ನದೂಟಕ್ಕೆ ತುಕಡಿಯ ಹಳಬರೆಲ್ಲ ಸೇರಿದರು. ಟ್ರಾಸ್ಕ್ ಅವರು ಒಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದರು: ಊಟ ಮುಗಿಯುವುದರೊಳಗೆ ಇಬ್ಬರಿಗೂ ಹೇಳಿಬಿಡಬೇಕು, ಆಮೇಲೆ ಅವರು ತನ್ನ ಮುಖ ನೋಡದಿದ್ದರೂ ಸರಿ. ಆದರೆ ಹಳೆಯ ಸ್ನೇಹಿತರ ಸಂತೋಷದ ನಡುವೆ ಅಂಥ ಮಾತಿಗೆ ಜಾಗ ಸಿಗುವುದು ಕಷ್ಟ.

"ನೋಡ್ರೋ, ನಮ್ಮ ಚೀಫ್ ಬಂದ!" ಎಂದು ಪ್ರುವಿಟ್ ಅವರು ಎದ್ದು ನಿಂತು ಸಾರಿದರು. "ಸೈನ್ಯದ ಯಂತ್ರಾನ ಇವನು ನಂಗೆ ಬಾಡಿಗೆಗೆ ಕೊಟ್ಟ ಹಾಗೆ ಆಡೋನು. 'ಮಿಸ್ಟರ್ ಪ್ರುವಿಟ್, ಸಂಜೆ ಗೀರಿಲ್ಲದೆ ವಾಪಸ್ ತಂದುಕೊಡಿ' ಅಂತ."

"ನೀವು ಒಂದಿನ ಆದ್ರೂ ಹಾಗೆ ತಂದುಕೊಟ್ರಾ?" ಎಂದರು ಕೋಲೂರಿ ಬಂದ ಎಮಿಲಿಯೊ. "ಮರ ಕಂಡಲ್ಲೆಲ್ಲ ರೆಂಬೆ ಕಡೀತಿದ್ರಿ. ತೋಟದ ಕೆಲಸಕ್ಕೆ ಸೇರಬೇಕಾದವರನ್ನ ತಪ್ಪಿ ಪೈಲಟ್ ಮಾಡಿದ್ರು."

ನಗು ಇಳಿದ ಮೇಲೆ ಮೂವರೂ ಒಂದು ಮೇಜಿಗೆ ಕುಳಿತರು. ಟ್ರಾಸ್ಕ್ ಅವರು ಮಾತು ಜೋಡಿಸಿಕೊಳ್ಳುತ್ತಿದ್ದಾಗ ಎಮಿಲಿಯೊ ಅವರೇ ತಟ್ಟೆ ಪಕ್ಕಕ್ಕೆ ಸರಿಸಿದರು.

"ನಾನು ಊಟಕ್ಕೆ ಅಂತ ಇಷ್ಟು ದೂರ ಬಂದಿಲ್ಲ," ಎಂದರು. "ಎಡಗಡೆ ನನ್ನ ಜವಾಬ್ದಾರಿ ಆಗಿತ್ತು. ಆ ಮರಗಳ ಸಾಲು ನನ್ನ ಕಣ್ಣೆದುರೇ ಇತ್ತು. ಹೊಡೆದವನು ನಂಗೆ ಕಾಣಿಸಲೇ ಇಲ್ಲ. ನಾನು ಎತ್ತಲೋ ನೋಡ್ತಿದ್ದೆ ಅಂತ ಕಾಣುತ್ತೆ. ನಿಮ್ಮಿಬ್ಬರನ್ನೂ ಕೊಂದುಬಿಡ್ತಿದ್ದೆ. ಅದನ್ನ ಎದುರಿಗೆ ಕೂತು ಹೇಳಬೇಕಿತ್ತು."

ಮುರಿದ ಮಂಡಿಯ ಋಣವನ್ನು ಮಾತ್ರ ತಾನು ಹೊತ್ತಿದ್ದೇನೆಂದು ಟ್ರಾಸ್ಕ್ ಅವರು ಅಲ್ಲಿಯವರೆಗೆ ನಂಬಿದ್ದರು. ತನ್ನ ಮೌನ ಇನ್ನೊಬ್ಬನ ತಲೆಯೊಳಗೆ ಇಂಥದೊಂದು ಮರಗಳ ಸಾಲನ್ನು ಬೆಳೆಸಿತ್ತೆಂದು ಅವರಿಗೆ ಹೊಳೆದೇ ಇರಲಿಲ್ಲ.

"ಅಲ್ಲಿ ಹೊಡೆದವನು ಯಾರೂ ಇರಲಿಲ್ಲ, ಎಮಿಲಿಯೊ," ಎಂದರು. ರೆಂಚಿನಿಂದ ಹಿಡಿದು ಆರನೆಯ ಗೆರೆಯವರೆಗೆ ಒಂದೂ ಬಿಡದೆ ಹೇಳಿದರು.

ಮೊದಲು ಬಾಯಿ ತೆರೆದವರು ಪ್ರುವಿಟ್. "ಹಾರೋ ಮುಂಚೆ ಮುಚ್ಚಳ ತೆಗೆದು, ಕೈಯಿಟ್ಟು ಅಲುಗಿಸಿ ನೋಡೋದು ಪೈಲಟ್ ಕೆಲಸ. ನಾನು ತೆಗೆಯೋಕೇ ಹೋಗಲಿಲ್ಲ. ಚೀಫ್ ಹಾಕಿದ್ದಾನಲ್ಲ ಅಂತ ಬಿಟ್ಟೆ. ಅರ್ಧ ನಂದು."

"ಅರ್ಧರ್ಧ ಹಂಚ್ಕೋತಾ ಇದೀರಾ?" ಎಂದರು ಎಮಿಲಿಯೊ. ಅವರ ದನಿ ಏರಲಿಲ್ಲ. "ಕಾಲಿನ ಮಾತು ಬಿಡೋ, ಚೀಫ್. ಯುದ್ಧದಲ್ಲಿ ಕಾಲು ಹೋಗುತ್ತೆ. ಇಪ್ಪತ್ತೈದು ವರ್ಷ ನಾನು ಆ ಮರಗಳನ್ನ ಒಂದೊಂದಾಗಿ ನೋಡಿದೀನಿ. ಪ್ರತಿ ಮರದ ಹಿಂದೆ ಹುಡುಕಿದೀನಿ. ಅಲ್ಲಿ ಯಾರೂ ಇಲ್ಲ ಅಂತ ನಿಂಗೆ ಗೊತ್ತಿತ್ತು."

ಕೋಲು ತೆಗೆದುಕೊಂಡು ಕಾರಿನತ್ತ ನಡೆದರು. ಹಿಂದೆ ಹೋಗಲೆದ್ದ ಟ್ರಾಸ್ಕ್ ಅವರ ತೋಳನ್ನು ಪ್ರುವಿಟ್ ಹಿಡಿದರು. "ಈಗ ಬೇಡ," ಎಂದರು.

ಅನಂತರ ಹದಿನಾರು ತಿಂಗಳು ಲರೇಡೊದಿಂದ ಸುದ್ದಿಯಿಲ್ಲ. ಟ್ರಾಸ್ಕ್ ಅವರು ವರದಿಯನ್ನು ತಿದ್ದುವಂತೆ ಸೈನ್ಯದ ಕಚೇರಿಗೆ ಸಹಿ ಹಾಕಿದ ಹೇಳಿಕೆ ಕಳಿಸಿ, ಅದರ ಪ್ರತಿಯನ್ನು ಎಮಿಲಿಯೊ ಅವರಿಗೂ ಕಳಿಸಿದರು. ಜೊತೆಗೆ ಕ್ಷಮೆ ಕೇಳುವ ಮಾತೇನನ್ನೂ ಬರೆಯಲಿಲ್ಲ. ಕ್ಷಮೆ ಕೇಳಿದರೆ ಉತ್ತರ ಕೇಳಿದ ಹಾಗಾಗುತ್ತದೆ ಎಂಬುದು ಅವರ ವಿವೇಚನೆ.

೧೯೯೫ರ ಆಗಸ್ಟಿನಲ್ಲಿ, ಹೊಸ ತರಗತಿಯ ಮೊದಲ ದಿನ ಬೆಳಿಗ್ಗೆ, ಒಂದೂವರೆ ದಿನ ಕಾರು ಓಡಿಸಿಕೊಂಡು ಬಂದ ಎಮಿಲಿಯೊ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

"ಈ ಹುಡುಗರಿಗೆ ಹೇಳಿದೀಯಾ?"

"ಇಲ್ಲ."

"ಹಾಗಾದ್ರೆ ಹೇಳು. ನಾನು ಕೂತು ಕೇಳ್ತೀನಿ."

ಅಂದಿನಿಂದ ಅದು ನಮ್ಮ ವಿಭಾಗದ ಮೊದಲ ಪಾಠವಾಯಿತು. ಪ್ರತಿ ಆಗಸ್ಟಿನಲ್ಲೂ ಎಮಿಲಿಯೊ ಬಂದು ಹಿಂದಿನ ಬೆಂಚಿನಲ್ಲಿ ಕೂರುವರು. ಟ್ರಾಸ್ಕ್ ಅವರು ಅವರೆದುರಿನಲ್ಲೇ ಎಲ್ಲವನ್ನೂ ಹೇಳುವರು. ಮುಗಿದ ಕೂಡಲೇ ಎಮಿಲಿಯೊ ಹೊರಟುಹೋಗುವರು. ಮೊದಲ ಎರಡು ವರ್ಷ ಕಾಫಿಯನ್ನೂ ಮುಟ್ಟಲಿಲ್ಲ. ಮೂರನೆಯ ವರ್ಷ ಹೆಂಡತಿ ಮಾಡಿಕೊಟ್ಟ ತಮಾಲೆ ಎಂಬ ಜೋಳದ ಕಡುಬುಗಳ ಡಬ್ಬಿಯನ್ನು ಮಾತಿಲ್ಲದೆ ಮೇಜಿನ ಮೇಲಿಟ್ಟರು. ಐದನೆಯ ವರ್ಷ ಟ್ರಾಸ್ಕ್ ದಂಪತಿಯ ಮನೆಯಲ್ಲಿ ಉಳಿದು, ನೋರಾ ಅವರು ಮೆದು ಬಿಸ್ಕಿಟು-ರೊಟ್ಟಿಯ ಮೇಲೆ ಸುರಿದ ಬಿಳಿ ಗ್ರೇವಿಯನ್ನು ಕಟ್ಟಿಗೆ ಅಂಟಿಸುವ ಗೋಂದಿಗೆ ಹೋಲಿಸಿದರು. ಎಮಿಲಿಯೊ ಬಡಗಿ, ಗೋಂದಿನ ವಿಷಯ ಬಲ್ಲವರು. ಎರಡನೆಯ ಸಲ ಹಾಕಿಸಿಕೊಂಡರು ಕೂಡ.

ಈ ಪಾಠದಿಂದ ಗುರುಗಳ ಗೌರವ ಕುಗ್ಗೀತೆಂದು ಕಾಲೇಜಿನಲ್ಲಿ ಕೆಲವರು ಅಂಜಿದ್ದುಂಟು. ಆದದ್ದು ಬೇರೆ. ತಮ್ಮ ತಪ್ಪನ್ನು ತಾವಾಗಿ ತಂದೊಪ್ಪಿಸುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತಾ ಹೋಯಿತು. ಇಲ್ಲಿ ಕಲಿತವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಇಂದಿಗೂ ಮೊದಲು ಹೇಳುವ ಗುಣ ಅದೇ.

ಹತ್ತೊಂಬತ್ತನೆಯ ಪಾಠ ಕಳೆದ ಆಗಸ್ಟಿನಲ್ಲಿ ನಡೆಯಿತು. ಅದೇ ತಮ್ಮ ಕೊನೆಯ ಮೊದಲ ದಿನವೆಂದು ಟ್ರಾಸ್ಕ್ ಅವರು ತಿಳಿಸಿದ್ದರಿಂದ ಪ್ರುವಿಟ್ ಅವರೂ ಬಂದಿದ್ದರು. ಟ್ರಾಸ್ಕ್ ಅವರು ಎಂದಿನಂತೆ ಕ್ಲ್ಯಾಂಪು ಬಿಟ್ಟಲ್ಲಿಗೆ ತಂದು, ಮಂಡಿ ಮುರಿದದ್ದನ್ನೂ ಮೌನವನ್ನೂ ಹೇಳಿ ನಿಲ್ಲಿಸಿದರು. ವಿದ್ಯಾರ್ಥಿಗಳು ಪುಸ್ತಕ ತೆರೆಯುವಷ್ಟರಲ್ಲಿ ಎಮಿಲಿಯೊ ಕೋಲೂರಿಕೊಂಡು ಮುಂದೆ ಬಂದರು.

"ಹತ್ತೊಂಬತ್ತು ವರ್ಷದಿಂದ ಇವನು ಕಥೇನ ಅರ್ಧಕ್ಕೆ ನಿಲ್ಲಿಸ್ತಾ ಇದಾನೆ," ಎಂದರು. "ಈ ವರ್ಷ ಹೇಳ್ತಾನೆ, ಮುಂದಿನ ವರ್ಷ ಹೇಳ್ತಾನೆ ಅಂತ ಕಾದು ಕಾದು ನಂಗೆ ವಯಸ್ಸಾಯ್ತು. ಇನ್ನು ಇವನು ಹೇಳಲ್ಲ. ನೀನು ಕೂತ್ಕೋ, ಚೀಫ್."

ಟ್ರಾಸ್ಕ್ ಅವರು ಕುಳಿತರು.

"ಗದ್ದೆ ನೀರಲ್ಲಿ ಯಂತ್ರ ಮಗುಚಿಕೊಂಡಿತ್ತು. ಎಣ್ಣೆ ಸೋರ್ತಾ ಇತ್ತು. ನನ್ನ ಕಾಲು ಕೆಳಗೆ ಸಿಕ್ಕಿಕೊಂಡು ರಕ್ತ ಹರೀತಾ ಇತ್ತು. ಬೆಂಕಿ ಹತ್ತುತ್ತೆ, ದೂರ ಓಡ್ರೋ ಅಂತ ಮಿಸ್ಟರ್ ಪ್ರುವಿಟ್ ಕೂಗಿದ್ರು. ಅವರು ಸಹಪೈಲಟ್‌ನ ಎಳ್ಕೊಂಡು ಹೋದ್ರು, ಅದು ಸರೀನೇ. ಇವನು ಹೋಗಲಿಲ್ಲ. ಎರಡೂ ಮುಷ್ಟಿ ನನ್ನ ತೊಡೆ ಮೇಲೆ ಒತ್ತಿ ಹಿಡ್ಕೊಂಡು ಆ ಎಣ್ಣೆಯೊಳಗೆ ಕೂತ. ನಂಗೆ ಸಿಟ್ಟು ಬಂದಿದ್ದು ನಿಜ, ಈಗಲೂ ಒಂದೊಂದು ದಿನ ಬರುತ್ತೆ. ಆದ್ರೆ ಆ ಎರಡು ಗಂಟೆ ಇವನು ಕೈ ತೆಗೆದಿದ್ರೆ, ಸಿಟ್ಟು ಮಾಡ್ಕೊಳ್ಳೋಕೆ ನಾನೇ ಇರ್ತಿರಲಿಲ್ಲ. ಎರಡನ್ನೂ ಬರ್ಕೊಳ್ಳಿ. ಒಂದನ್ನೇ ಬರ್ಕೊಂಡ್ರೆ ಅದು ಸುಳ್ಳಾಗುತ್ತೆ."

ತಲೆ ತಗ್ಗಿಸಿದ್ದ ಟ್ರಾಸ್ಕ್ ಅವರು ಮುಖವೆತ್ತಿದರು.

"ಎರಡು ಗಂಟೆ ಅಲ್ಲ," ಎಂದರು. "ಒಂದು ಗಂಟೆ ಹತ್ತು ನಿಮಿಷ."

"ನೋಡಿದ್ರಾ?" ಎಂದರು ಎಮಿಲಿಯೊ, ವಿದ್ಯಾರ್ಥಿಗಳತ್ತ ತಿರುಗಿ. "ಹೊಗಳಿದ್ರೂ ತಿದ್ದುತ್ತಾನೆ."

ತಮ್ಮ ಒಂದು ಮಧ್ಯಾಹ್ನವನ್ನು ಸಾವಿರಾರು ಜನರ ಸುರಕ್ಷಿತ ಹಾರಾಟವಾಗಿ ಪರಿವರ್ತಿಸಿದ ಈ ಗುರುವಿಗೆ ವಿಶ್ರಾಂತಿಯನ್ನು ಹಾರೈಸುವುದು ವ್ಯರ್ಥ. ಅವರು ಅದನ್ನು ಪಡೆಯಲು ಸಿದ್ಧರಿಲ್ಲ. ಲರೇಡೊದ ವೃತ್ತಿಶಾಲೆಯೊಂದರಲ್ಲಿ ಬರುವ ಆಗಸ್ಟಿನಿಂದ ವಾರಕ್ಕೆರಡು ದಿನ ಪಾಠ ಮಾಡಲು ಅವರು ಒಪ್ಪಿಕೊಂಡಿದ್ದಾರೆ. ಎಮಿಲಿಯೊ ಅವರ ಮನೆಯ ಎದುರಿನಲ್ಲೇ ಟ್ರಾಸ್ಕ್ ದಂಪತಿಗೆ ವಾಸದ ಏರ್ಪಾಡಾಗಿದೆ. ಅವರ ಆಯುಸ್ಸು ಬೆಳೆಯಲಿ. ಯಂತ್ರಗಳ ಸದ್ದಿಗೆ ಕಿವಿ ಸ್ವಲ್ಪ ಮಂದವಾಗಿದೆ, ಕೈಗಳ ಚುರುಕು ಹಾಗೆಯೇ ಉಳಿಯಲಿ. ಅಲ್ಲಿನ ಮೊದಲ ಪಾಠವನ್ನು ಯಾರು ಹೇಳಬೇಕೆಂದು ಇಬ್ಬರೂ ದೂರವಾಣಿಯಲ್ಲಿ ದಿನವೂ ಜಗಳವಾಡುತ್ತಿದ್ದಾರೆಂದು ನೋರಾ ಅವರು ದೂರುತ್ತಾರೆ. ಆ ಜಗಳ ಇನ್ನೂ ಬಹಳ ವರ್ಷ, ಒಬ್ಬರಿಗೊಬ್ಬರು ಸೋಲದೆ, ನಡೆಯುತ್ತಿರಲಿ.