ಬರಿಗೈ ಮೇಲ್ವಿಚಾರಕರು

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎಲ್ಲರಿಗೂ ಬಿಡದೆ ಕೈಗವಸು ಹಾಕಿಸಿದ ಸುರಕ್ಷತಾ ಮೇಲ್ವಿಚಾರಕರು, ನಿವೃತ್ತರಾದ ಮೇಲೆ ಮರಗೆಲಸದ ಹಳೆಯ ಉಳಿ, ರಂದಗಳನ್ನು ತಂದು ಬರಿಗೈಯಲ್ಲೇ ಸೀಮೆಎಣ್ಣೆ ಹಚ್ಚಿ ತುಕ್ಕು ಉಜ್ಜತೊಡಗಿದರು. ತಿಂಗಳೊಳಗೆ ಬೆರಳ ಸಂದಿಗಳೆಲ್ಲ ಕೆಂಪಾಗಿ ಬಿರುಕುಬಿಟ್ಟವು. ತಪ್ಪೆಲ್ಲ ಹೆಂಡತಿ ತಂದ ಸೋಪಿನದೇ ಎಂದು ಹಟ ಹಿಡಿದರು. ಆಕೆ ಮೂರು ಸಲ ಸೋಪು ಬದಲಿಸಿದರೂ ತುರಿಕೆ ನಿಲ್ಲದಿದ್ದಾಗ ಇಬ್ಬರೂ ಚರ್ಮದ ಡಾಕ್ಟರ ಬಳಿ ಹೋದರು.

"ಸೀಮೆಎಣ್ಣೆ ಮುಟ್ಟೋವಾಗ ಗ್ಲೌಸ್ ಹಾಕ್ಕೊಳ್ತೀರಾ?" ಎಂದು ಡಾಕ್ಟರು ಕೇಳಿದರು.

"ಅದೆಲ್ಲ ಕೆಲಸ ಮಾಡೋರಿಗೆ. ನಂದು ಬರೀ ಹವ್ಯಾಸ ಅಲ್ವಾ?" ಎಂದರು ಮೇಲ್ವಿಚಾರಕರು.

"ಇವರ ಬೈಗುಳಕ್ಕೆ ಹೆದರಿ ಮುನ್ನೂರು ಜನ ಕೈ ಉಳಿಸ್ಕೊಂಡಿದ್ದಾರೆ ಡಾಕ್ಟ್ರೇ," ಎಂದರು ಹೆಂಡತಿ. "ಮನೇಲಿ ಇವರನ್ನ ಬೈಯೋಕೆ ನನಗೆ ಧೈರ್ಯ ಬರಲಿಲ್ಲ, ಅಷ್ಟೆ."

ಅಂದಿನಿಂದ ಆಕೆಗೆ ಧೈರ್ಯ ಬಂತು. ಮೂರೇ ವಾರದಲ್ಲಿ ಕೈ ವಾಸಿಯಾಯಿತು.