ಟಪ್ ಮೇಷ್ಟ್ರ ಹಿಟ್ಟಿನ ಮಿಲ್ಲು

ಬಸ್ಸು ಸ್ಟಾರ್ಟ್ ಆಗುವುದಕ್ಕೆ ಮುಂಚೆಯೇ ಸೋಮಶೇಖರ ಮೇಷ್ಟ್ರು ಮೂಗಿಗೆ ಕರ್ಚೀಫು ಕಟ್ಟಿಕೊಂಡುಬಿಡುತ್ತಿದ್ದರು. ಹಿಂದೆ ಗಂಟು ಬಿಗಿದು, ಕನ್ನಡಕ ಸರಿಮಾಡಿಕೊಂಡು, ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರುವರು. ನೋಡಿದವರು ಯಾವುದೋ ಆಪರೇಷನ್ನಿಗೆ ಹೊರಟ ಡಾಕ್ಟರು ಅಂದುಕೊಳ್ಳಬೇಕು. ಹಾಸನದಿಂದ ಹೊಳೆನರಸೀಪುರಕ್ಕೆ ದಿನಾ ಓಡಾಡುವ ನಾವು ನೌಕರಿಯವರು ಬಸ್ಸು ಹತ್ತಿದ ಕೂಡಲೇ ನಿದ್ದೆ ಹೋಗುವ ಜನ. ಮೇಷ್ಟ್ರು ಮಾತ್ರ ಎಚ್ಚರ. ಮುಂದೆ ಹೋಗುವ ಪ್ರತಿ ಲಾರಿಯ ಹೊಗೆಯನ್ನೂ ನೋಡಿ, ಕರ್ಚೀಫಿನೊಳಗಿಂದಲೇ, "ನೋಡಿ ಮೇಡಂ, ಇದನ್ನ ನಾವು ಕುಡೀತಾ ಇದೀವಿ," ಅನ್ನುವರು. "ಕುಡಿಯೋಣ ಬಿಡಿ ಸಾರ್, ನನಗೆ ಒಂದರ್ಧ ಗಂಟೆ ಕಣ್ಣು ಮುಚ್ಚಕ್ಕೆ ಬಿಡಿ," ಅಂತ ನಾನು ಗೊಣಗುತ್ತಿದ್ದೆ.

ನಾನು ಕನ್ನಡದ ಲೆಕ್ಚರರು, ಅವರು ಕೆಮಿಸ್ಟ್ರಿ. ಒಂದೇ ಕಾಲೇಜು, ಒಂದೇ ಬಸ್ಸು. ಬೆಳಿಗ್ಗೆ ಅಡಿಗೆ ಮಾಡಿಟ್ಟು ಓಡಿ ಬಂದು, ಐದು ಪೀರಿಯಡ್ಡು ಗಂಟಲು ಹರಿದುಕೊಂಡು, ಸಂಜೆ ಮತ್ತೆ ಅದೇ ಒಲೆ ಮುಂದೆ ನಿಲ್ಲುವ ನನಗೆ ಯಾವುದರಲ್ಲೂ ಅಷ್ಟಾಗಿ ಹುಮ್ಮಸ್ಸು ಉಳಿದಿರಲಿಲ್ಲ. ಅವರ ಹುಮ್ಮಸ್ಸು ನೋಡಿದರೇ ಸುಸ್ತಾಗುತ್ತಿತ್ತು.

ಹುಡುಗರು ಅವರಿಗೆ ಇಟ್ಟ ಹೆಸರು ಟಪ್ ಮೇಷ್ಟ್ರು. ವರ್ಷದ ಮೊದಲ ಪ್ರಾಕ್ಟಿಕಲ್ಲಿನಲ್ಲಿ ಸತುವಿನ ಚೂರಿಗೆ ಆಸಿಡ್ ಹಾಕಿ, ಬಂದ ಹೈಡ್ರೋಜನ್ನನ್ನು ಗಾಜಿನ ನಳಿಕೆಯಲ್ಲಿ ಹಿಡಿದು, ಉರಿಯುವ ಕಡ್ಡಿ ಹತ್ತಿರ ತರುವರು. 'ಟಪ್' ಅನ್ನುವುದು. ಹುಡುಗಿಯರು ಕಿರುಚುವರು. ಮೇಷ್ಟ್ರು ನಳಿಕೆಯ ಒಳಗೋಡೆಗೆ ಕೂತ ತೇವವನ್ನು ಬೆರಳಲ್ಲಿ ಒರೆಸಿ ಎಲ್ಲರಿಗೂ ತೋರಿಸುವರು. "ಉರೀತು. ಹೊಗೆ ಬಂತಾ? ಮಸಿ ಬಂತಾ? ಏನು ಬಂತು ಹೇಳಿ?" "ನೀರು ಸಾ!" ಅಂತ ಇಡೀ ಕ್ಲಾಸು ಕೂಗಬೇಕು. ಗೋಡೆಯಾಚೆ ವ್ಯಾಕರಣ ಹೇಳುತ್ತಿದ್ದ ನನ್ನ ಪಾಠ ಅಲ್ಲಿಗೆ ಕೆಟ್ಟಂತೆಯೇ. ಹೋಗಿ ಜಗಳ ಆಡಿದರೆ, "ಒಂದೇ ದಿನ ಅಲ್ವಾ ಮೇಡಂ, ಸಹಿಸ್ಕೊಳ್ಳಿ," ಅಂತ ನಗುವರು.

ಈ ಹುಚ್ಚು ಎಲ್ಲಿಂದ ಬಂತು ಅನ್ನುವುದು ಒಂದು ಸಂಜೆ, ಬಸ್ಸು ಕೆಟ್ಟು ದಾರಿಯಲ್ಲಿ ನಿಂತಾಗ, ತಿಳಿಯಿತು. ಅವರ ಊರು ಅರಕಲಗೂಡಿನ ಕಡೆ ಮಲ್ಲಿಪಟ್ಟಣ. ಅಲ್ಲಿ ಅವರ ಅಣ್ಣ ದ್ಯಾವಣ್ಣನದೊಂದು ಹಿಟ್ಟಿನ ಮಿಲ್ಲು. ತಂದೆ ತೀರಿಕೊಂಡಾಗ ಅಣ್ಣ ಸ್ಕೂಲು ಬಿಟ್ಟು ಮಿಲ್ಲಿಗೆ ನಿಂತ, ತಮ್ಮನನ್ನು ಓದಿಸಿದ. ಕರೆಂಟು ಇದ್ದಾಗ ಮೋಟರು, ಇಲ್ಲದಾಗ ಡೀಸೆಲ್ ಎಂಜಿನ್ನು. ಇಲ್ಲದಿರುವುದೇ ಹೆಚ್ಚು. ಸಣ್ಣ ಕೋಣೆ, ತಗ್ಗು ಮಾಡು, ಹೊಗೆ ಹೋಗುವ ಪೈಪಿನಲ್ಲಿ ನೂರು ತೂತು. ಅಷ್ಟು ವರ್ಷ ಅದನ್ನೇ ಉಸಿರಾಡಿ ದ್ಯಾವಣ್ಣನ ಎದೆ ಕೆಟ್ಟಿತ್ತು. ಹಾಸನದ ಡಾಕ್ಟರು, ಆ ಕೋಣೆಯಿಂದ ಆಚೆ ಬರದಿದ್ದರೆ ಔಷಧಿ ಕೊಟ್ಟು ಪ್ರಯೋಜನ ಇಲ್ಲ ಎಂದು ಮುಖಕ್ಕೆ ಹೇಳಿದ್ದರು.

"ಬಿಡು ಅಂದ್ರೆ ಬಿಡಲ್ಲ ಮೇಡಂ. 'ನಾನ್ ಬಾಗ್ಲಾಕುದ್ರೆ ರಾಗಿ ಬೀಸ್ಸಕ್ಕೆ ಊರೋರು ಎಲ್ಲಿಗ್ಲಾ ಓಗ್ಬೇಕು?' ಅಂತಾನೆ. ಅಣ್ಣ ಮಿಲ್ಲು ಬಿಡಲ್ಲ. ಹಾಗಾದ್ರೆ ಮಿಲ್ಲೇ ಹೊಗೆ ಬಿಡಬೇಕು." ಇಷ್ಟು ಹೇಳಿ ಮೇಷ್ಟ್ರು ಕರ್ಚೀಫು ಬಿಚ್ಚಿ ಕಣ್ಣೊರೆಸಿಕೊಂಡರು. ಅಲ್ಲಿಯವರೆಗೆ ನಾನು ಆ ಕರ್ಚೀಫನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಆಮೇಲೆ ನಗಲಿಲ್ಲ.

ಅವರ ಲೆಕ್ಕಾಚಾರ ಹೀಗಿತ್ತು. ಮಿಲ್ಲಿನ ಮಾಡಿನ ಮೇಲೆ ಸೋಲಾರ್ ಹಲಗೆ. ಅದರ ಕರೆಂಟನ್ನು ನೀರಿಗೆ ಹಾಯಿಸಿದರೆ ನೀರು ಒಡೆದು ಹೈಡ್ರೋಜನ್ನು ಬರುತ್ತದೆ. ಗೋಬರ್ ಗ್ಯಾಸಿನ ಹಾಗೆ ಅದನ್ನು ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ ಡ್ರಮ್ಮಿನೊಳಗೆ ತುಂಬಿಡುವುದು. ಅದರಿಂದ ಎಂಜಿನ್ನು ಓಡಿಸುವುದು. ಡೀಸೆಲ್ ಎಂಜಿನ್ನಿಗೆ ಇದು ಒಗ್ಗುವುದಿಲ್ಲ, ಕಿಡಿ ಹೊಡೆಯುವ ಎಂಜಿನ್ನು ಬೇಕು ಅಂತ ಚನ್ನರಾಯಪಟ್ಟಣದ ಗುಜರಿಯಿಂದ ಹಳೇ ಪೆಟ್ರೋಲ್ ಎಂಜಿನ್ನು ಹುಡುಕಿ ತಂದರು.

"ಅಯ್ಯೋ ಸಾರ್, ಸೋಲಾರಿಂದ ನೇರವಾಗಿ ಮೋಟರು ತಿರುಗಿಸೋದು ಬಿಟ್ಟು ಇದೆಂಥ ಸುತ್ತು ದಾರಿ?" ಅಂದೆ.

"ಬಿಸಿಲು ಮಧ್ಯಾಹ್ನ ಬರುತ್ತೆ, ರಾಗಿ ಚೀಲ ಸಂಜೆ ಬರುತ್ತೆ ಮೇಡಂ. ಮಧ್ಯಾಹ್ನದ ಬಿಸಿಲನ್ನ ಸಂಜೆಗೆ ಹಿಡಿದಿಡಬೇಡವಾ?"

"ಬ್ಯಾಟರಿ ಇಲ್ವಾ ಅದಕ್ಕೆ?"

ಬ್ಯಾಟರಿ ಅಂದರೆ ಸಾಕು, ಅವರ ಮುಖ ಕೆಂಪಾಗುತ್ತಿತ್ತು. ನನಗೆ ವಾದ ಮಾಡಲು ತ್ರಾಣ ಇರಲಿಲ್ಲ. ಮಡಿಲಲ್ಲಿ ತಿದ್ದಬೇಕಾದ ಪೇಪರಿನ ಕಟ್ಟು ಇತ್ತು. ಒಂದು ಮಾತು ಮಾತ್ರ ಹೇಳಬೇಕು, ಅವರಿಗೆ ಹೈಡ್ರೋಜನ್ನಿನ ಮೇಲೆ ಇದ್ದದ್ದು ಬರೀ ನಂಬಿಕೆ ಅಲ್ಲ, ಮೋಹ. ಭಾನುವಾರ ಬಂತೆಂದರೆ ಮಲ್ಲಿಪಟ್ಟಣದ ಬಸ್ಸು. ಸೋಮವಾರ ಬೆರಳಿಗೆಲ್ಲ ಬ್ಯಾಂಡೇಜು. "ಏನಾಯ್ತು ಸಾರ್?" "ವಾಷರು ಸೋರ್ತಾ ಇತ್ತು." ಮರುವಾರ: "ಎಂಜಿನ್ನು ಎರಡು ಸಲ ಕೆಮ್ಮಿ ನಿಂತುಹೋಯ್ತು." ಹೀಗೇ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ದ್ಯಾವಣ್ಣನಿಗೆ ಮಿಲ್ಲಿನಿಂದ ಮನೆಗೆ ನಡೆಯಲು ನಡುವೆ ಒಂದು ಕಡೆ ಕೂರಬೇಕಾಗುತ್ತಿತ್ತು. ಮೇಷ್ಟ್ರ ಅವಸರ ನನಗೂ ಅಂಟಿಕೊಂಡಿತು. ದೇವರೇ, ಇವರದು ಬೇಗ ಆಗಲಪ್ಪಾ ಅಂದುಕೊಳ್ಳುತ್ತಿದ್ದೆ.

ಕೊನೆಗೊಂದು ಭಾನುವಾರ ನನ್ನನ್ನೂ ಕರೆದರು. ವಾರಕ್ಕೊಂದೇ ರಜ, ಬಟ್ಟೆ ನೆನೆಸಿಟ್ಟದ್ದು ಹಾಗೇ ಬಿಟ್ಟು ಹೋದೆ. ಮಿಲ್ಲಿನ ಮುಂದೆ ಅರ್ಧ ಊರು ಸೇರಿತ್ತು. ಬಾಗಿಲಿಗೆ ಮಾವಿನ ಸೊಪ್ಪು, ಎಂಜಿನ್ನಿಗೆ ಅರಿಸಿನ, ಕುಂಕುಮ, ಚೆಂಡುಹೂವಿನ ಹಾರ. ದ್ಯಾವಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಮದುವೆ ಮನೆ ಯಜಮಾನನ ಹಾಗೆ ಓಡಾಡುತ್ತಿದ್ದ. ಓಡಾಡುವುದೆಂದರೆ, ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿಯುವುದು. ಡ್ರಮ್ಮನ್ನು ಮೇಷ್ಟ್ರು ಆಚೆ ಬಯಲಲ್ಲಿ ಇಟ್ಟಿದ್ದರು. ಬಾಗಿಲಲ್ಲಿ ಒಂದು ಮೊರ ಇಟ್ಟುಕೊಂಡು ನಿಂತು, ಒಳಗೆ ಬರುವ ಒಬ್ಬೊಬ್ಬರಿಂದಲೂ ಬೀಡಿ, ಬೆಂಕಿಪೊಟ್ಟಣ ಈಸಿಕೊಂಡು ಮೊರಕ್ಕೆ ಹಾಕುತ್ತಿದ್ದರು. "ಒಂದು ಬೀಡಿ ಹಚ್ಚುದ್ರೂ ನಾನು ಎಂಜಿನ್ ಮುಟ್ಟಲ್ಲ, ನೋಡ್ರಪ್ಪಾ." ಜನ ನಗುತ್ತ ಜೇಬು ಬರಿದು ಮಾಡಿದರು. ಮೊರ ತುಂಬಿತು.

ಎಂಜಿನ್ನು ಮೊದಲ ಸಲ ಗುರ್ ಅಂದು ನಿಂತಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಹಿಡಿಯಿತು ನೋಡಿ! ಬೆಲ್ಟು ತಿರುಗಿತು, ಕಲ್ಲು ತಿರುಗಿತು, ದ್ಯಾವಣ್ಣ ರಾಗಿ ಸುರಿದ. ಹಿಟ್ಟು ಬಂತು. ಮೇಷ್ಟ್ರು ಸೈಲೆನ್ಸರಿನ ತುದಿಗೆ ಅಂಗೈ ಒಡ್ಡಿದರು. ಹನಿ ಹನಿ ನೀರು. "ಅಣ್ಣಾ, ಹೊಗೆ ಎಲ್ಲಿ ತೋರ್ಸು? ನೀರು ಕಣಣ್ಣಾ, ನೀರು!" ದ್ಯಾವಣ್ಣ ಆ ಒದ್ದೆ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಗೊಳೋ ಅಂತ ಅತ್ತ. ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ವರ್ಷವಿಡೀ ಬಸ್ಸಿನಲ್ಲಿ ಅರೆನಿದ್ದೆಯಲ್ಲಿ ಕೇಳಿದ್ದೆಲ್ಲ ನಿಜವಾಗಿ ಕಣ್ಣೆದುರು ತಿರುಗುತ್ತಿತ್ತು.

ಮೇಷ್ಟ್ರು ಡ್ರಮ್ಮು ಎಷ್ಟು ಇಳಿದಿದೆ ನೋಡಲು ಆಚೆ ಹೋದರು. ಆ ಸಂತೋಷದಲ್ಲಿ ದ್ಯಾವಣ್ಣನಿಗೆ ಒಂದು ಕೊರತೆ ಕಂಡಿತು. ಹೊಸ ಮಿಷನ್ನು ಓಡಿದೆ, ಹೂವಾಗಿದೆ, ಕಾಯಿ ಒಡೆದಾಗಿದೆ, ಮಂಗಳಾರತಿ ಆಗಿಲ್ಲ. ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ ಕರ್ಪೂರ ತಟ್ಟೆಗೆ ಹಾಕಿದ. ಮೊರದಿಂದ ಒಂದು ಬೆಂಕಿಪೊಟ್ಟಣ ತೆಗೆದುಕೊಂಡ. ಅಲ್ಲಿದ್ದ ಯಾರೊಬ್ಬರೂ ಬೇಡ ಅನ್ನಲಿಲ್ಲ. ಬೀಡಿ ಬೆಂಕಿ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆರತಿಯನ್ನು ಯಾರು ಬೆಂಕಿ ಅಂದುಕೊಳ್ಳುತ್ತಾರೆ? ನಾನೇ ಕೈ ಮುಗಿದು ನಿಂತಿದ್ದೆ.

ಪೈಪಿನ ಸಂದಿನಿಂದ ಎಲ್ಲೋ ಗ್ಯಾಸು ಸೋರಿ ಮಾಡಿನ ಕೆಳಗೆ ಕೂತಿತ್ತು. ಟಪ್ ಅಲ್ಲ, ಎದೆ ಒಡೆಯುವ ಸದ್ದು. ತಗಡು ಮೇಲೆದ್ದು ಬಿತ್ತು, ಕೋಣೆಯೆಲ್ಲ ಹಿಟ್ಟಿನ ಧೂಳು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಆಚೆ ಓಡಿದೆವು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಅದೇ ದೊಡ್ಡದು. ದ್ಯಾವಣ್ಣನ ಮೀಸೆ, ಹುಬ್ಬು ಸುಟ್ಟು, ಬಲಗೈ ಮೊಣಕೈವರೆಗೆ ಬೆಂದಿತ್ತು. ಮೇಷ್ಟ್ರು ಅವನನ್ನು ತಬ್ಬಿಕೊಂಡು ಹೊರಗೆ ತಂದರು. ಆ ನೋವಿನಲ್ಲೂ ಅವನು, "ನಾನ್ ಬೀಡಿ ಅಚ್ನಿಲ್ಲ ಕಣ್ಲಾ ಸೋಮಾ, ದ್ಯಾವ್ರಿಗೆ ಅಚ್ದೆ ಕಣ್ಲಾ," ಅನ್ನುತ್ತಿದ್ದ. ಅವನನ್ನು ಆಸ್ಪತ್ರೆಗೆ ಕಳಿಸುವ ಮುಂಚೆ ಮೇಷ್ಟ್ರು, ಉಳಿದ ಗ್ಯಾಸೂ ಹೊತ್ತಿಕೊಳ್ಳಬಾರದು ಅಂತ, ತಾವೇ ಹೋಗಿ ಡ್ರಮ್ಮಿನ ಮೇಲಿನ ನಲ್ಲಿ ತೆರೆದರು. ಬಣ್ಣವಿಲ್ಲ, ವಾಸನೆಯಿಲ್ಲ. ಅಷ್ಟು ದಿನದ ಬಿಸಿಲು ಸುಮ್ಮನೆ ಮೇಲೆ ಹೊರಟುಹೋಯಿತು.

ಮುಂದಿನ ವಾರ ಬಸ್ಸಿನಲ್ಲಿ ಅವರೇ ಮಾತು ತೆಗೆದರು. "ನನ್ನದೇ ತಪ್ಪು ಮೇಡಂ. ಬೀಡಿ ಬೇಡ ಅಂದೆ, ಆರತಿ ಬೇಡ ಅನ್ನಲಿಲ್ಲ. ಆ ಊರಲ್ಲಿ ಹುಟ್ಟಿ ಬೆಳೆದೋನಿಗೆ ಅಷ್ಟು ಹೊಳೀಬೇಡವಾ?"

"ಬ್ಯಾಟರಿನಾದ್ರೂ ಹಾಕಿಸಿ ಸಾರ್ ಈಗ," ಅಂದೆ. ಈ ಸಲ ಮುಖ ಕೆಂಪಾಗಲಿಲ್ಲ. "ಕೇಳಿದೆ. 'ಇನ್ ಒಸಾದು ಅಂತ ಏನೂ ತರ್ಬ್ಯಾಡ ಕಣ್ಲಾ, ಕೈ ಮುಗೀತೀನಿ' ಅಂತಾನೆ. ಊರೋರ ಕೈಲಿ ಸೋಲಾರ್ ಹಲಗೇನೂ ಇಳಿಸಿಬಿಟ್ಟ." ಕೈ ವಾಸಿಯಾದ ಮೇಲೆ ದ್ಯಾವಣ್ಣ ಮತ್ತೆ ಡೀಸೆಲ್ ಎಂಜಿನ್ನಿನ ಮುಂದೆ ನಿಂತ.

ಆ ವರ್ಷದಿಂದ ನಮ್ಮ ಕಾಲೇಜಿನಲ್ಲಿ 'ಟಪ್' ಸದ್ದು ಕೇಳಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸುತ್ತಿದ್ದರಂತೆ. ಗೋಡೆಯಾಚೆ ನನ್ನ ಪಾಠ ನೆಮ್ಮದಿಯಾಗಿ ಸಾಗುತ್ತಿತ್ತು, ಆ ನೆಮ್ಮದಿ ನನಗೆ ಬೇಕಿರಲಿಲ್ಲ. ಬಸ್ಸಿನಲ್ಲಿ ಅವರೂ ಕಣ್ಣು ಮುಚ್ಚಿಕೊಂಡು ಕೂರತೊಡಗಿದರು. ಎಲ್ಲರ ಹಾಗೆ ರಿಟೈರಾದರು. ಹಾರ, ಶಾಲು, ಗುಂಪು ಫೋಟೋ. ಊರಿಗೆ ಹೋದರು ಅಂತ ಗೊತ್ತಿತ್ತು, ಅಷ್ಟೇ.

ಹೋದ ವರ್ಷ ಅರಕಲಗೂಡಿನಲ್ಲಿ ಒಂದು ಮದುವೆ ಮುಗಿಸಿ, ನೋಡಿಯೇ ಬರೋಣ ಅಂತ ಮಲ್ಲಿಪಟ್ಟಣಕ್ಕೆ ಹೋದೆ. ಮಿಲ್ಲು ಓಡುತ್ತಿತ್ತು. ಪೈಪಿನ ತುದಿಯಲ್ಲಿ ಅದೇ ಕರೀ ಹೊಗೆ. ಎದುರಿನ ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ದ್ಯಾವಣ್ಣ ಕೂತಿದ್ದ. ಬಿಳೀ ಶರ್ಟು, ಮುಖದಲ್ಲಿ ಸ್ವಲ್ಪ ರಕ್ತ ತುಂಬಿತ್ತು. "ಬನ್ನಿ ಕಣವ್ವಾ, ಈಗ ಎಷ್ಟೋ ವಾಸಿ ನಂಗೆ. ಮಿಲ್ಲೊಳಕ್ಕೆ ಕಾಲಿಕ್ಕಕ್ಕೆ ಬಿಡಾಕಿಲ್ಲ ಅವ್ನು. ಓದ್ರೆ ಬಯ್ತಾನೆ."

ಒಳಗೆ ಇಣುಕಿದೆ. ಹೊಗೆಯ ನಡುವೆ, ಮೂಗಿಗೆ ಕರ್ಚೀಫು ಬಿಗಿದು, ಹುಬ್ಬಿನ ಮೇಲೆಲ್ಲ ರಾಗಿಹಿಟ್ಟು ಕೂತ ಸೋಮಶೇಖರ ಮೇಷ್ಟ್ರು ಚೀಲ ಎತ್ತಿ ಸುರಿಯುತ್ತಿದ್ದರು. ಬಿಳೀ ಕರ್ಚೀಫು ಮೂಗಿನ ಹತ್ತಿರ ಕಪ್ಪಗಾಗಿತ್ತು. ನನ್ನನ್ನು ಕಂಡು ಬಾಗಿಲಿಗೆ ಬಂದರು.

"ಇದೇನು ಸಾರ್ ಇದು?" ಅಂದೆ.

"ಅಣ್ಣನ್ನ ಆಚೆ ತರಬೇಕು ಅಂತ ತಾನೆ ಅಷ್ಟೆಲ್ಲ ಮಾಡಿದ್ದು? ಬಂದಿದ್ದಾನೆ ನೋಡಿ."

"ಹೈಡ್ರೋಜನ್ ರೈಲು, ಹೈಡ್ರೋಜನ್ ಬಸ್ಸು ಬರುತ್ತೆ ಅಂತ ಪೇಪರಿನಲ್ಲಿ ಬರೀತಾ ಇದಾರೆ ಸಾರ್. ನೋಡಿದ್ರಾ?"

"ನೋಡಿದೆ. ಬರುತ್ತೆ ಮೇಡಂ, ಖಂಡಿತ ಬರುತ್ತೆ." ಕರ್ಚೀಫಿನ ಮೇಲೆ ಕಣ್ಣು ಒಂದು ಕ್ಷಣ ಹಳೇ ಥರ ಹೊಳೆಯಿತು. "ಅಲ್ಲೀವರೆಗೆ ಯಾರಾದ್ರೂ ರಾಗಿ ಬೀಸಬೇಕಲ್ಲ." ಒಳಗಿಂದ ಯಾರೋ ಹೆಂಗಸು ಕೂಗಿದಳು, ಮೇಷ್ಟ್ರು ಹೋದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ದ್ಯಾವಣ್ಣನ ಪಕ್ಕ ಕಲ್ಲಿನ ಮೇಲೆ ಕೂತೆ. ಕೆಮ್ಮು ಕೇಳಿಸಿತು. ಒಣ ಕೆಮ್ಮು, ಬಿಟ್ಟು ಬಿಟ್ಟು. ದ್ಯಾವಣ್ಣನದೇ ಅಂದುಕೊಂಡು, "ನೀರು ಕುಡೀರಿ ದ್ಯಾವಣ್ಣಾ," ಅಂತ ತಿರುಗಿದೆ.

ದ್ಯಾವಣ್ಣ ಕೆಮ್ಮುತ್ತಿರಲಿಲ್ಲ. ಸುಟ್ಟ ಕೈಯನ್ನು ತೊಡೆ ಮೇಲಿಟ್ಟುಕೊಂಡು ಮಿಲ್ಲಿನ ಬಾಗಿಲನ್ನೇ ನೋಡುತ್ತಿದ್ದ.