ಆರಿಸುವ ಗೂಡಿನ ಬಾಗಿಲು

ನಮ್ಮ ಅತ್ತೆಯಷ್ಟು ಪುಕ್ಕಲಿಯನ್ನು ನಾನು ಕಂಡಿಲ್ಲ. ಹುಟ್ಟಿದ್ದು ಗಾಜು ಊದುವವರ ಮನೆಯಲ್ಲಿ, ಐವತ್ತೆಂಟು ವರ್ಷ ಬದುಕಿದ್ದು ಕುಲುಮೆಯಿಂದ ಹತ್ತು ಹೆಜ್ಜೆ ದೂರದಲ್ಲಿ, ನೀರು ಕುಡಿಯುವುದು ಮಾತ್ರ ಸ್ಟೀಲ್ ಲೋಟದಲ್ಲಿ! ಗಾಜು ಮುಟ್ಟಬೇಕಾದರೆ ಕೈಗೆ ಬಟ್ಟೆ ಸುತ್ತಿಕೊಂಡೇ ಮುಟ್ಟುವಳು.

"ಅಕ್ಕಾ, ಅದೇನು ಕಚ್ಚಲ್ಲ ಕಣೇ," ಎಂದು ಅಪ್ಪ ರೇಗಿಸುತ್ತಿದ್ದ.

ಅಪ್ಪ ಅವಳ ತಮ್ಮ, ಮನೆಯಲ್ಲಿ ಊದುವವನು ಅವನೇ. ಎಡಗಣ್ಣು ಇಲ್ಲ. ಎಂಟು ವರ್ಷದವನಿದ್ದಾಗ ಎತ್ತಿಕೊಂಡ, ತಾತ ಊದಿದ್ದ ಬಾಟಲಿ ಮುಖದೆದುರೇ ಸಿಡಿದಿತ್ತು. ಗಟ್ಟಿಯಾಗಿ ಹಿಡಿದು ಒಡೆದೆ ಎಂದು ತಾತ ಬೈದಿದ್ದರಂತೆ. ಅಂದಿನಿಂದ ಮನೆಮಂದಿಗೆಲ್ಲ ಅವನು 'ಒರಟುಗೈ'. ಅವನೂ ನಗುನಗುತ್ತಲೇ ಒಪ್ಪಿಕೊಂಡುಬಿಟ್ಟಿದ್ದ.

ಅತ್ತೆಯ ಕೆಲಸ ಆರಿಸುವ ಗೂಡನ್ನು ಕಾಯುವುದು. ಊದಿದ ಗಾಜನ್ನು ಬಿಸಿಬಿಸಿಯಾಗಿ ಆ ಇಟ್ಟಿಗೆ ಗೂಡಿನೊಳಗಿಟ್ಟು ಬಾಗಿಲು ಹಾಕಿದರೆ ಮೂರು ದಿನ ತೆಗೆಯುವಂತಿಲ್ಲ. ನಡುವೆ ತಣ್ಣನೆಯ ಗಾಳಿ ಹೊಕ್ಕರೆ ಗಾಜು ನೋಡಲು ಚೆನ್ನಾಗಿಯೇ ಇರುತ್ತದೆ, ಬಿಗಿತ ಮಾತ್ರ ಒಳಗೇ ಉಳಿದುಬಿಡುತ್ತದೆ. ಯಾವತ್ತೋ ಒಂದು ದಿನ, ಯಾರದೋ ಕೈಯಲ್ಲಿ ಚೂರಾಗುತ್ತದೆ. ಹಾಗಾಗಿ ಅತ್ತೆ ಬಾಗಿಲ ಮುಂದೆ ಮಣೆ ಹಾಕಿಕೊಂಡು ಕೂತಿರುತ್ತಿದ್ದಳು. ಊಟವೂ ಅಲ್ಲೇ. ನನಗದು ಅತಿ ಎನಿಸುತ್ತಿತ್ತು. ಬಾಯಿಬಿಟ್ಟು ಹೇಳಿಯೂ ಇದ್ದೆ, ಸುಮ್ಮನಿರುವ ಜಾಯಮಾನ ನನ್ನದಲ್ಲ.

ಆ ಸಲ ಎದುರು ರಸ್ತೆಯ ಹೋಟೆಲಿಗೆಂದು ಅಪ್ಪ ಹನ್ನೆರಡು ಹೂಜಿ ಊದಿದ್ದ. ಹದಿಮೂರನೆಯದು ನನ್ನದು, ಇಪ್ಪತ್ತಮೂರು ವರ್ಷಕ್ಕೆ ನಾನು ಊದಿದ ಮೊದಲ ಹೂಜಿ. ಎರಡನೆಯ ದಿನ ಅತ್ತೆ ಸ್ನಾನಕ್ಕೆ ಹೋದಾಗ ತಡೆಯಲಾಗದೆ ಬಾಗಿಲನ್ನು ಎರಡು ಬೆರಳಷ್ಟು ಸರಿಸಿದೆ. ನನ್ನದು ಮುಂದೆಯೇ ಇತ್ತು. ಕತ್ತು ಸ್ವಲ್ಪ ಸೊಟ್ಟ, ಆದರೂ ಹೆಮ್ಮೆಯಾಯಿತು. ಬಚ್ಚಲಲ್ಲಿ ನೀರಿನ ಸದ್ದು ನಿಲ್ಲುವವರೆಗೂ ನೋಡುತ್ತಾ ನಿಂತಿದ್ದೆ.

ಹೂಜಿಗಳು ಹೋಟೆಲಿಗೆ ಹೋಗಿ ನಾಲ್ಕು ದಿನವಾಗಿತ್ತು. ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲಿದ್ದ ನನ್ನ ಹೂಜಿ, ಯಾರೂ ಮುಟ್ಟದೆಯೇ, ಫಟ್ಟೆಂದು ಸಿಡಿಯಿತು. ಅತ್ತೆ ಚೂರುಗಳ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಬಾಗ್ಲು ತೆಗ್ದಿದ್ಯಾ?"

"ಇಲ್ಲ," ಎಂದೆ.

"ನಡಿ. ಹೋಟ್ಲಲ್ಲಿ ಊಟದ ಹೊತ್ತು."

ರಸ್ತೆ ದಾಟಲು ಕಾಲುಗಂಟೆ ಕಾಯುವ ನಮ್ಮತ್ತೆ ಅಂದು ಬರಿಗಾಲಲ್ಲಿ ಗಾಡಿಗಳ ನಡುವೆ ನುಗ್ಗಿದಳು. ಹೋಟೆಲಿನಲ್ಲಿ ಒಂದು ಮೇಜೂ ಖಾಲಿಯಿರಲಿಲ್ಲ. ಮೂಲೆಯಲ್ಲೊಂದು ಪುಟ್ಟ ಹುಡುಗಿ ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗೇ ಇಟ್ಟುಕೊಳ್ಳುತ್ತಿದ್ದಳು. ನಾನು ನಿಂತಲ್ಲೇ ನಿಂತೆ. ಅತ್ತೆ ಹೋಗಿ ಅದನ್ನು ಬರಿಗೈಯಲ್ಲೇ ಕಿತ್ತುಕೊಂಡಳು. ಮಗುವಿನ ತಾಯಿ ಬಾಯಿಗೆ ಬಂದಂತೆ ಬೈದಳು. ಅತ್ತೆಗೆ ಅದು ಕೇಳಿಸಿದಂತಿರಲಿಲ್ಲ. ಮೇಜಿಂದ ಮೇಜಿಗೆ ಹೋಗಿ ಹೂಜಿಗಳನ್ನೆಲ್ಲ ಎತ್ತಿಕೊಂಡಳು.

ಸಿಕ್ಕಿದ್ದು ಹನ್ನೊಂದು. ಹನ್ನೆರಡನೆಯದು ಎಲ್ಲಿ ಎಂದು ಕೇಳುತ್ತಾ ಒಳಗೆ ಹೋದೆವು. ಪಾತ್ರೆ ತೊಳೆಯುವ ಹೆಂಗಸಿನ ಅಂಗೈಗೆ ಬಟ್ಟೆ ಕಟ್ಟಿತ್ತು, ರಕ್ತ ಜಿನುಗುತ್ತಿತ್ತು.

"ಬೆಳಗ್ಗೆ ಒಡ್ದೋಯ್ತಮ್ಮಾ. ನಂದೇ ತಪ್ಪು, ಗಟ್ಟಿಯಾಗಿ ಹಿಡ್ದೆ ಅನ್ಸುತ್ತೆ. ಯಜಮಾನ್ರಿಗೆ ಹೇಳ್ಬೇಡಿ."

ಅತ್ತೆ ಬಟ್ಟೆ ಬಿಚ್ಚಿ ಆ ಗಾಯವನ್ನು ನೋಡಿದಳು. ಆಮೇಲೆ ನೇರವಾಗಿ ಯಜಮಾನನ ಬಳಿ ಹೋಗಿ, "ಅವಳ ತಪ್ಪಿಲ್ಲ, ಗಾಜು ನಮ್ದೇ ಸರಿಯಿರ್ಲಿಲ್ಲ," ಎಂದಳು. ಹೆಂಗಸನ್ನು ವೈದ್ಯರ ಬಳಿ ಕರೆದೊಯ್ದು ಹೊಲಿಗೆ ಹಾಕಿಸಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಹಿಡಿದೇ ನಡೆದಳು. ಅವಳು ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅಪ್ಪ ಕುಲುಮೆಯ ಹತ್ತಿರವೇ ನಿಂತಿದ್ದ. ಹೋಟೆಲಿನಿಂದ ಸುದ್ದಿ ಆಗಲೇ ಬಂದಿತ್ತು.

"ಯಾರು ಬಾಗ್ಲು ತೆಗ್ದಿದ್ದು?"

"ನಾನು," ಎಂದಳು ಅತ್ತೆ.

ಅಪ್ಪ ನಕ್ಕೇಬಿಟ್ಟ. "ನೀನಾ? ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳೇ ಅಕ್ಕಾ."

ಇನ್ನು ತಡೆಯಲಾಗಲಿಲ್ಲ. "ಅತ್ತೆ ಅಲ್ಲಪ್ಪ, ನಾನು. ನನ್ ಹೂಜಿ ನೋಡೋಕೆ," ಎಂದೆ. ಏಟು ಬಿತ್ತೆಂದೇ ಕಣ್ಣು ಮುಚ್ಚಿಕೊಂಡೆ.

"ಈ ಸಲ ಇವಳು," ಎಂದಳು ಅತ್ತೆ. "ಆ ಸಲ ನಾನು."

"ಯಾವ ಸಲ?"

ಅತ್ತೆ ಕೈಯೆತ್ತಿ ಅಪ್ಪನ ಮುಚ್ಚಿದ ಎಡಗಣ್ಣಿನ ಮೇಲಿಟ್ಟಳು.

"ನಂಗೆ ಹನ್ನೊಂದು ವರ್ಷ ಕಣೋ. ಹೇಳೋಕೆ ಹೆದರ್ಕೊಂಡೆ. ನೀನು ಗಟ್ಟಿಯಾಗಿ ಹಿಡ್ದೇ ಇರ್ಲಿಲ್ಲ."

ಅಪ್ಪ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಕೈಗಳೆಂಬಂತೆ, ತಿರುಗಿಸಿ ತಿರುಗಿಸಿ ನೋಡಿಕೊಂಡ.